ಐಸಾಕನ ಪಾಲು

ನಮ್ಮ ಮನೆಯಲ್ಲಿ ಊಟದ ಮೇಜೇ ಆಲ್ಟರ್, ದೇವರ ಪೂಜೆಯ ಪೀಠ. ಉಳಿದ ದಿನಗಳಲ್ಲಿ ಅದರ ಮೇಲೆ ಅನ್ನದ ಪಾತ್ರೆ, ಮಾವಿನ ಮಿಡಿಯ ಭರಣಿ, ನನ್ನ ಸ್ಲೇಟು ಇರುತ್ತಿದ್ದವು. ಕೆಲವು ಶುಕ್ರವಾರಗಳಲ್ಲಿ ಮಾತ್ರ ಮಾಯ್ ಅದನ್ನು ಸೋಪಿನ ನೀರಿನಿಂದ ಒರೆಸಿ, ಮದುವೆಯ ಟ್ರಂಕಿನಿಂದ ಲೇಸಿನ ಬಿಳಿ ಬಟ್ಟೆ ತೆಗೆದು ಹಾಸುತ್ತಿದ್ದಳು. ಮಾಯ್ ಎಂದರೆ ನಮ್ಮ ಕೊಂಕಣಿಯಲ್ಲಿ ಅಮ್ಮ. ಆ ಕಾಲದ ದೋಹಾದಲ್ಲಿ ಇಗರ್ಜಿ, ಅಂದರೆ ಚರ್ಚು, ಇರಲಿಲ್ಲ, ಬಹಿರಂಗ ಪೂಜೆಗೆ ಅನುಮತಿಯೂ ಇರಲಿಲ್ಲ. ಕೆಲವು ತಿಂಗಳಿಗೊಮ್ಮೆ ಬಹ್ರೈನ್‌ನಿಂದ ಒಬ್ಬ ಪಾದ್ರಿ ಬರುತ್ತಿದ್ದರು, ಬುಶ್‌ಶರ್ಟು, ಪ್ಯಾಂಟು, ಕೈಯಲ್ಲೊಂದು ಕಂದು ಬ್ಯಾಗು. ಮಕ್ಕಳು ಅವರನ್ನು ಅಂಕಲ್ ಎನ್ನಬೇಕು. ಯಾರು ಕೇಳಿದರೂ ಅಂಕಲ್ ಊಟಕ್ಕೆ ಬಂದಿದ್ದಾರೆ ಎನ್ನಬೇಕು. ಅದು ಸುಳ್ಳೂ ಆಗಿರಲಿಲ್ಲ. ಪೂಜೆ ಮುಗಿದ ಸ್ವಲ್ಪ ಹೊತ್ತಿಗೆ ಲೇಸಿನ ಬಟ್ಟೆ ಟ್ರಂಕಿಗೆ ಮರಳಿ, ಅದೇ ಮೇಜಿನ ಮೇಲೆ ಸಾನ್ನ ಎಂಬ ನಮ್ಮ ಮೆತ್ತಗಿನ ಇಡ್ಲಿ, ಕೋಳಿ ಸಾರು ಬಂದು ಕೂರುತ್ತಿದ್ದವು. ದೇವರೂ ಊಟವೂ ಒಂದೇ ಮೇಜಿನವರು ಎಂದು ನಾನು ತಿಳಿದಿದ್ದೆ. ಆಮೇಲೆ ಮಂಗಳೂರಿನ ಕಾನ್ವೆಂಟಿನಲ್ಲಿ ಮಾರ್ಬಲ್‌ನ ದೊಡ್ಡ ಆಲ್ಟರ್ ಕಂಡಾಗ, ಹೌ ಕೋಲ್ಡ್, ಇಲ್ಲಿ ಯಾರೂ ಉಣ್ಣುವುದಿಲ್ಲ, ಎಂದು ಅಳು ಬಂದಿತ್ತು.

ಮಾಯ್ ಹೋಗಿ ಇನ್ನೂ ವರ್ಷ ತುಂಬಿಲ್ಲ. ದೋಹಾದ ಬಿನ್ ಒಮ್ರಾನಿನ ಈ ಫ್ಲ್ಯಾಟಿನಲ್ಲಿ, ಅವಳ ಕೋಣೆಯ ಕಿಟಕಿಯ ಬಳಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ನಾನು ಹುಟ್ಟಿದ ಮನೆ ಇಲ್ಲಿಂದ ದೂರವಿರಲಿಲ್ಲ, ಈಗ ಅಲ್ ಮುಂತಜಾ ಎನ್ನುತ್ತಾರಲ್ಲ, ಆ ಕಡೆ. ತಗ್ಗು ಮಾಡಿನ ಎರಡು ಕೋಣೆ, ಮುಂದೊಂದು ಅಂಗಳ, ತಾರಸಿಗೆ ಹೋಗುವ ಸಿಮೆಂಟಿನ ಮೆಟ್ಟಿಲು. ಅಂಗಳದ ಪಕ್ಕದ ಗೋಡೆಯಲ್ಲಿ ಒಂದು ಗಿಡ್ಡ ಬಾಗಿಲು ಇತ್ತು. ಅದನ್ನು ದಾಟಿದರೆ ಐಸಮ್ಮನ ಮನೆ. ಐಸಮ್ಮ ಉಳ್ಳಾಲದ ಬ್ಯಾರಿ ಮುಸ್ಲಿಂ ಹೆಂಗಸು. ಅವಳ ಗಂಡ ಹಂಝ ಕಾಕನಿಗೆ ಸೂಕ್ ಎಂಬ ಪೇಟೆಯಲ್ಲಿ ಅಕ್ಕಿ, ತೆಂಗಿನೆಣ್ಣೆಯ ಅಂಗಡಿ, ಒಂದು ಪಿಕಪ್ಪು. ಐಸಮ್ಮ ಸೀಮೆಎಣ್ಣೆ ಡಬ್ಬಿಯಲ್ಲಿ ಬಸಳೆ ಬೆಳೆಸಿ, ಪಾತ್ರೆ ತೊಳೆದ ನೀರನ್ನೇ ಅದಕ್ಕೆ ಹಾಕುತ್ತಿದ್ದಳು. ಅವಳ ಆಡು ಆ ಬಸಳೆಗೆ ಕುತ್ತಿಗೆ ಚಾಚಿಕೊಂಡೇ ದಿನ ಕಳೆಯುತ್ತಿತ್ತು. ಮನೆಯೊಳಗೆ ನಾವು ಆಡುತ್ತಿದ್ದುದು ಕೊಂಕಣಿ, ಐಸಮ್ಮನ ಜೊತೆ ತುಳು. ಬರೆಯುವಾಗ ಎಲ್ಲರೂ ಮಂಗಳೂರು ಕನ್ನಡದಲ್ಲಿ ಮಾತಾಡುತ್ತಾರೆ. ಏನು ಮಾಡಲಿ, ನನಗೆ ಬರೆಯಲು ಬರುವುದು ಕಾನ್ವೆಂಟಿನ ಸಿಸ್ಟರ್ ಕಲಿಸಿದ ಕನ್ನಡ ಮಾತ್ರ.

ಪಪ್ಪ ಮೆಸಯೀದ್ ಬಂದರಿನ ಕಂಪನಿ ಸ್ಟೋರಿನಲ್ಲಿ ಕೆಲಸಕ್ಕಿದ್ದರು. ಬೆಳಗಿನ ಬಸ್ಸಿಗೆ ಹೋದರೆ ಸಂಜೆ ಬರುವಾಗ ಹುಬ್ಬಿನ ಮೇಲೂ ಮರಳು. ಆದರೆ ನಮ್ಮ ಜನಕ್ಕೆ ಅವರು ಸ್ಟೋರಿನವರಲ್ಲ, ಗುರ್ಕಾರರು. ಊರಿನಲ್ಲಿ ಪ್ರತಿ ವಾರ್ಡಿಗೂ ಒಬ್ಬ ಗುರ್ಕಾರ ಇರುತ್ತಾನೆ: ಪಾದ್ರಿ ಇಲ್ಲದ ಹೊತ್ತಿಗೆ ಪ್ರಾರ್ಥನೆ ಹೇಳಿಸುವವನು, ಸಾವು ನೋವಿಗೆ ಮೊದಲು ಓಡುವವನು, ಗಂಡ ಹೆಂಡಿರ ಜಗಳಕ್ಕೆ ನಡುವೆ ನಿಲ್ಲುವವನು. ದೋಹಾದ ನಮ್ಮ ಹಿಡಿಯಷ್ಟು ಜನ ಪಪ್ಪನನ್ನು ಆ ಕೆಲಸಕ್ಕೆ ಕೂರಿಸಿದ್ದರು. ಮೇಣದ ಬತ್ತಿಯ ಪೆಟ್ಟಿಗೆಯೂ ಪೂಜೆಯ ಸಣ್ಣ ಗಂಟೆಯೂ ನಮ್ಮ ಮನೆಯ ಕಪಾಟಿನಲ್ಲೇ ಇರುತ್ತಿದ್ದವು. ಆ ಗಂಟೆಗೆ ಪಪ್ಪ ಹತ್ತಿ ಸುತ್ತಿ ಇಟ್ಟಿದ್ದರು, ಸದ್ದು ಬೀದಿಗೆ ಹೋಗದ ಹಾಗೆ. ಇವತ್ತಿಗೂ ನನಗೆ ಪೂಜೆಯ ಗಂಟೆ ಎಂದರೆ ಆ ಟುಕ್ ಟುಕ್.

ಸೆಕೆಯ ಸಂಜೆಗಳಲ್ಲಿ ತಾರಸಿಯ ಮೇಲೆ ನೀರು ಚಿಮುಕಿಸಿ ಚಾಪೆ ಹಾಸುತ್ತಿದ್ದೆವು. ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಅಲ್ಲೇ. ಅದು ಮುಗಿದ ಮೇಲೆ ಪಪ್ಪನ ಕಥೆ. ಸ್ಟೋರಿನಲ್ಲಿ ಅವರ ಜೊತೆ ಇದ್ದ ಚಾಕೋ ಅಂಕಲ್ ಕೇರಳದ ಸಿರಿಯನ್ ಸಭೆಯವರು. ಅವರ ಬಾಯಿಂದ ಪಪ್ಪನಿಗೆ ಒಂದು ಸಂಗತಿ ತಿಳಿದಿತ್ತು, ಅದನ್ನು ಕೇಳಿದ ದಿನ ಪಪ್ಪ ಬಸ್ಸಿನಿಂದ ಇಳಿದು ಓಡುತ್ತಲೇ ಬಂದಿದ್ದರು. ಅವರ ಮಾತಿನಲ್ಲಿ ನಾನು ಬಾಯೆ, ಅಂದರೆ ಮಗಳೇ.

“ಬಾಯೆ, ನಾವು ಯಾರ ಊರಲ್ಲಿದ್ದೇವೆ ಗೊತ್ತುಂಟಾ ನಿನಗೆ?”

“ಅರಬ್ಬಿಗಳ ಊರು.”

“ಅದು ಸರಿ. ಅದಕ್ಕೂ ಮುಂಚೆ ಒಬ್ಬ ಬಿಷಪ್ಪರ ಊರು. ಸಂತ ಐಸಾಕ್. ಇಲ್ಲೇ ಹುಟ್ಟಿದ್ದು. ಬೇವಿನ ಗಿಡಕ್ಕೆ ನಾವು ಬಕೆಟಲ್ಲಿ ನೀರು ಹೊರುವ ಈ ಮರಳಲ್ಲಿ, ಯೋಚನೆ ಮಾಡು, ಒಬ್ಬ ಬಿಷಪ್ ಬೆಳೆದದ್ದು!”

ಆ ಕಾಲದಲ್ಲಿ ಈ ಕಡಲ ದಂಡೆಗೆಲ್ಲ ಬೇತ್ ಕತ್ರಾಯೆ ಎಂಬ ಹೆಸರಿತ್ತಂತೆ. ಹುಡುಗ ಸನ್ಯಾಸಿಯಾದ, ಓದಿದ, ಓದಿಸಿದ. ದೂರದ ನಿನೆವೆ ಪಟ್ಟಣದವರು ಅವನನ್ನು ಕರೆದೊಯ್ದು ಬಿಷಪ್ಪನ ಕುರ್ಚಿಯಲ್ಲಿ ಕೂರಿಸಿದರು. ಕೂತದ್ದು ಕೆಲವೇ ತಿಂಗಳು. ಜನ ಜಗಳ ಹೊತ್ತು ತರುವರು, ಇವರು ಕ್ಷಮಿಸಿರೋ ಎನ್ನುವರು, ಜನ ಅದೆಲ್ಲ ಆಮೇಲೆ, ಮೊದಲು ನ್ಯಾಯ ಹೇಳಿ ಎನ್ನುವರು. ಇವರಿಗೆ ಬೇಕಾದದ್ದು ನಾನಲ್ಲ, ಒಬ್ಬ ಪೊಲೀಸು, ಎಂದು ಬಿಷಪ್ಪರು ಕುರ್ಚಿಯಿಂದ ಎದ್ದು ಬೆಟ್ಟಕ್ಕೆ ನಡೆದೇಬಿಟ್ಟರು. ಇಲ್ಲಿ ಪಪ್ಪ ಎದ್ದು ನಿಂತು, ಇಲ್ಲದ ಜೋಳಿಗೆಯನ್ನು ಹೆಗಲಿಗೆ ಹಾಕಿಕೊಂಡು, ತಾರಸಿಯ ಆ ತುದಿಯವರೆಗೆ ನಡೆದು ತೋರಿಸುತ್ತಿದ್ದರು. ಬೆಟ್ಟದಲ್ಲಿ ಅವರಿಗೆ ಒಣ ರೊಟ್ಟಿ, ಹಸಿ ಸೊಪ್ಪು. ಓದಿ ಓದಿ ಕಣ್ಣು ಹೋಯಿತು, ಶಿಷ್ಯರು ಕೂತು ಅವರು ಹೇಳಿದ್ದನ್ನು ಬರೆದುಕೊಂಡರು. ಆ ಕುರುಡು ಕಣ್ಣಿನಲ್ಲಿ ನೀರು ಮಾತ್ರ ನಿಲ್ಲಲಿಲ್ಲ. ಹಕ್ಕಿಗೆ ಅಳುವರು, ಹಾವಿಗೆ ಅಳುವರು.

“ಕೊನೆಗೆ ದೆವ್ವಕ್ಕೂ ಅಳ್ತಿದ್ರಂತೆ.”

“ದೆವ್ವಕ್ಕೂ?”

“ಅದಕ್ಕೂ ಯಾರಿದ್ದಾರೆ, ಪಾಪ.”

ಮೆಟ್ಟಿಲಿನಿಂದ ಮಾಯ್ ಮೇಲೆ ಬರುವ ಸದ್ದಿಗಿಂತ ಮೊದಲು ಅವಳ ಮಾತು ಬರುತ್ತಿತ್ತು.

“ಎಂತ ಕಲಿಸ್ತಾ ಇದ್ದೀರಿ ಮಗುವಿಗೆ? ದೆವ್ವಕ್ಕೆ ಅಳುವ ಬಿಷಪ್ಪು! ಆ ನಿಮ್ಮ ಚಾಕೋ ಕುಡಿದು ಹೇಳಿದ್ದಾ?”

“ಈ ಊರಲ್ಲಿ ಕುಡೀಲಿಕ್ಕೆ ನೀರೇ ಸರಿಯಾಗಿ ಇಲ್ಲ ಮಾರಾಯ್ತಿ.”

ಮಾಯ್ ನಗುತ್ತಿದ್ದಳು. ಆಗ ಅವಳು ನಗುತ್ತಿದ್ದಳು ಎಂಬುದನ್ನು ನಾನು ಬರೆದಿಡಬೇಕು, ಅದನ್ನು ಕಂಡವರು ಈಗ ನನ್ನನ್ನು ಬಿಟ್ಟರೆ ಯಾರೂ ಇಲ್ಲ. ಪಪ್ಪ ಮಾತು ಮುಗಿಸುವಾಗ ಒಂದು ಜೋಕ್ ಹೇಳುವರು, ಪ್ರತಿ ಸಲ ಅದೇ.

“ಓದಿ ಕಣ್ಣು ಹೋಯ್ತು ಅಂತ ಚಾಕೋ ಹೇಳುದು. ನನಗೆ ಹಾಗೆ ಕಾಣುದಿಲ್ಲ. ಬೇರೆಯವರ ತಪ್ಪು ಕಾಣುದು ಬೇಡ ಅಂತ ಅವರೇ ದೇವರ ಹತ್ರ ಕೇಳಿ ತಕ್ಕೊಂಡ ಕುರುಡು ಅದು.”

ನನಗೆ ಏಳು ತುಂಬುವ ಹೊತ್ತಿಗೆ ತಮ್ಮ ಹುಟ್ಟಿದ. ಬೇಸಿಗೆಯ ನಟ್ಟ ನಡುವೆ, ಗೋಡೆ ಮುಟ್ಟಿದರೆ ಕೈ ಸುಡುವ ದಿನಗಳಲ್ಲಿ. ಹೆರಿಗೆಗೆ ಐಸಮ್ಮನೇ ನಿಂತಿದ್ದಳು. ಮಗು ಸಣ್ಣಗೆ, ಆದರೆ ಕೂದಲು ದಟ್ಟ. ಹಿಡಿದ ಬೆರಳು ಬಿಡುತ್ತಿರಲಿಲ್ಲ. ಹೆಸರಿನ ಜಗಳ ಮರುದಿನವೇ ಸುರುವಾಯಿತು. ಮಾಯ್ ಗಂಡು ಹುಟ್ಟಿದರೆ ಸಂತ ಅಂತೋನಿಯ ಹೆಸರು ಇಡುತ್ತೇನೆಂದು ಹರಕೆ ಹೊತ್ತಿದ್ದಳು.

“ಅಂತೋನಿ. ಹೇಳಿ ಆಗಿದೆ, ಮುಗೀತು.”

“ನಮ್ಮೂರಲ್ಲಿ ಒಂದು ಕಲ್ಲು ಬಿಸಾಡಿದ್ರೆ ಹತ್ತು ಅಂತೋನಿಗಳಿಗೆ ತಾಗ್ತದೆ. ಇವ ಈ ಮಣ್ಣಲ್ಲಿ ಹುಟ್ಟಿದವ. ಈ ಮಣ್ಣಿನವರ ಹೆಸರು ಇಡುವ. ಐಸಾಕ್.”

“ಕುರುಡನ ಹೆಸರಾ? ನನ್ನ ಮಗನಿಗಾ?”

ಗಿಡ್ಡ ಬಾಗಿಲಿನಿಂದ ಐಸಮ್ಮ ತಲೆ ಹಾಕಿದಳು. ಕ್ರಿಶ್ಚನ್ ಗಂಡಸರಿಗೆ ತುಳುವಿನಲ್ಲಿ ಪೊರ್ಬು, ಹೆಂಗಸರಿಗೆ ಬಾಯಮ್ಮ ಎನ್ನುತ್ತಾರೆ; ಅವಳು ಪಪ್ಪನನ್ನು ಹಾಗೆಯೇ ಕರೆಯುತ್ತಿದ್ದಳು, ಮಾಯ್‌ಯನ್ನು ಬಾಯಮ್ಮ ಎಂದು.

“ಒಳ್ಳೆ ಹೆಸರು ಪೊರ್ಬುಲೆ. ನಮ್ಮಲ್ಲೂ ಉಂಟು, ಇಸ್ಹಾಕ್. ಇಬ್ರಾಹಿಂ ನಬಿಗಳ ಮಗ.”

“ನಿನ್ನನ್ನು ಯಾರು ಕೇಳಿದ್ದು ಐಸಮ್ಮ?”

“ಕೇಳಿ ಹೇಳ್ಲಿಕ್ಕೆ ನಾನೆಂತ ಕೋರ್ಟಾ ಬಾಯಮ್ಮ? ಹೆತ್ತದ್ದು ನೀವು, ಹಿಡಿದದ್ದು ನಾನು. ನನಗೂ ಸ್ವಲ್ಪ ಹಕ್ಕುಂಟು.”

ಕೊನೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು: ಪಾದ್ರಿ ಬರಲಿ, ಮಗುವಿಗೆ ನೀರು ಹಾಕಿ ಹೆಸರಿಡುವ ಜ್ಞಾನಸ್ನಾನದ ದಿನ ಅವರು ಯಾವ ಹೆಸರು ಹೇಳುತ್ತಾರೋ ಅದು. ಅಲ್ಲಿಯವರೆಗೆ ಬರೀ ಬಾಬು. ಪಾದ್ರಿ ಶುಕ್ರವಾರ ಬರುವುದೆಂದು ಸುದ್ದಿ ಬಂದಿತ್ತು. ಲೇಸಿನ ಬಟ್ಟೆ ಒಗೆದು, ಗಂಜಿ ಹಾಕಿ, ತಾರಸಿಯ ಹಗ್ಗಕ್ಕೆ ನೇತು ಹಾಕಿದ್ದು ಗುರುವಾರ ಬೆಳಿಗ್ಗೆ. ಅದೇ ಬೆಳಿಗ್ಗೆ ಬಾಬು ಹಾಲು ಕುಡಿಯಲಿಲ್ಲ. ಪಪ್ಪ ಕೆಲಸಕ್ಕೆ ಹೋಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮಗುವಿನ ಮೈ ಕಾದ ಕಲ್ಲಿನ ಹಾಗಾಗಿ, ಅಳು ನಿಂತು, ಬರೀ ಉಸಿರು ಕೇಳುತ್ತಿತ್ತು. ಹಂಝ ಕಾಕ ಆಸ್ಪತ್ರೆಗೆ ಹೋಗಲು ಪಿಕಪ್ಪು ತರಲು ಓಡಿದರು. ಐಸಮ್ಮ ಒದ್ದೆ ಬಟ್ಟೆ ಹಿಡಿದು ಬೀಸುತ್ತಿದ್ದಳು. ಮಾಯ್ ನೆಲದ ಮೇಲೆ, ಮೇಜಿನ ಕಾಲಿಗೆ ಒರಗಿ, ಮಗುವನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು.

ಪಪ್ಪ ಒಳಗಿನಿಂದ ನೀಲಿ ಅಂಚಿನ ಎನಾಮೆಲ್ ಬಟ್ಟಲಲ್ಲಿ ನೀರು ತಂದರು. ಸಿಹಿನೀರು, ಕುಡಿಯುವುದಕ್ಕೆಂದು ಬೇರೆಯೇ ಇಡುತ್ತಿದ್ದದ್ದು. ಜೀವಕ್ಕೆ ಅಪಾಯ ಇರುವಾಗ ಪಾದ್ರಿಗೆ ಕಾಯಬೇಕಿಲ್ಲ, ಯಾರು ಬೇಕಾದರೂ ನೀರು ಹಾಕಿ ಹೆಸರಿಟ್ಟು ಜ್ಞಾನಸ್ನಾನ ಕೊಡಬಹುದು ಎಂಬುದು ಗುರ್ಕಾರನಿಗೆ ಕಲಿಸುವ ಮೊದಲ ಪಾಠ. ಅವರು ಮೊಣಕಾಲೂರಿ ಕೂತರು. ಬೆರಳು ನೀರಿಗೆ ಅದ್ದಿ, ಮಾಯ್ ಕಡೆ ತಿರುಗಿ ಅವಳನ್ನು ಹೆಸರು ಹಿಡಿದು ಕರೆದರು.

“ಸೆವ್ರಿನ್, ಅಂತೋನಿ ಅಂತಲೇ ಇಡ್ತೇನೆ. ಈಗ ನೀರು ಹಾಕುವ.”

“ಬೇಡ.”

“ಸೆವ್ರಿನ್...”

“ಬೇಡ ಹೇಳಿದೆ! ಸಾಯುವ ಮಕ್ಕಳಿಗೆ ಹಾಕುದು ಹಾಗೆ. ನನ್ನ ಮಗ ಸಾಯುದಿಲ್ಲ. ನಾಳೆ ಫಾದರ್ ಬರ್ತಾರೆ, ನಾಳೆ ಸರಿಯಾಗಿ ಮಾಡುವ. ನೀವು ಈಗ ನೀರು ಹಾಕಿದ್ರೆ ಅವನನ್ನು ಕಳಿಸಿ ಕೊಟ್ಟ ಹಾಗೆ.”

ಅವಳ ಕೈ ಬೀಸಿತು. ಬಟ್ಟಲು ಪಪ್ಪನ ಕೈಯಿಂದ ಹಾರಿ ಉರುಳುತ್ತ ನನ್ನ ಪಾದದ ಹತ್ತಿರ ಬಂದು ನಿಂತಿತು. ನೆಲದ ಮೇಲೆ ಚೆಲ್ಲಿದ ನೀರು ಅಂಚಿನಿಂದ ಒಳಗೆ ಒಳಗೆ ಆರುತ್ತ ಬಂದದ್ದನ್ನು ನಾನು ನೋಡುತ್ತ ನಿಂತೆ. ಪಪ್ಪನ ಬೆರಳು ಇನ್ನೂ ಒದ್ದೆ. ಆ ಬೆರಳನ್ನು ಅವರು ಮಗುವಿನ ಹಣೆಗೆ ಒಯ್ಯಬಹುದಿತ್ತು. ಮಾಯ್‌ಯ ಮುಖ ನೋಡಿದರು, ನೋಡಿ ಆ ಒದ್ದೆ ಕೈಯನ್ನು ತಮ್ಮ ಕುತ್ತಿಗೆಯ ಹಿಂದಕ್ಕೆ ಒತ್ತಿಕೊಂಡರು. ಹೊರಗೆ ಹಾರ್ನ್ ಆಯಿತು, “ಯಲ್ಲಾ ಪೊರ್ಬುಲೆ, ಯಲ್ಲಾ!” ಎಂದು ಹಂಝ ಕಾಕ ಕೂಗಿದರು.

ಬಾಬು ದಾರಿಯಲ್ಲೇ ಹೋದ. ಸಂಜೆಯ ಮೊದಲೇ ಪಪ್ಪ, ಚಾಕೋ ಅಂಕಲ್, ಹಂಝ ಕಾಕ ಮೂವರು ಊರ ಹೊರಗೆ ಕ್ರಿಶ್ಚನ್ನರಿಗೆ ಬಿಟ್ಟಿದ್ದ ಜಾಗದಲ್ಲಿ ಅವನನ್ನು ಮಣ್ಣು ಮಾಡಿ ಬಂದರು. ಗುರುತಿಗೆ ಒಂದು ಕಡಲ ಕಲ್ಲು. ತಾರಸಿಯ ಹಗ್ಗದಲ್ಲಿ ಲೇಸಿನ ಬಟ್ಟೆ ಹಾಗೆಯೇ ಇತ್ತು. ಅದನ್ನು ತೆಗೆದು ಮಡಚಿದವಳು ಐಸಮ್ಮ.

ಮರುದಿನ ಪಾದ್ರಿ ಬಂದರು. ಮನೆ ತುಂಬ ಜನ, ಪರದೆ ಎಳೆದ ಕಿಟಕಿ. ವಿಷಯ ತಿಳಿದ ಪಾದ್ರಿ ಮೊದಲು ಕುರ್ಚಿ ಹುಡುಕಿ ಕೂತುಬಿಟ್ಟರು. ಅವರು ಕೆಟ್ಟವರಲ್ಲ. ಆದರೆ ಆ ಕಾಲದ ಪುಸ್ತಕದಲ್ಲಿ ಇದ್ದದ್ದನ್ನು ಬಿಟ್ಟು ಬೇರೆ ಹೇಳಲು ಅವರಿಗೆ ಬರುತ್ತಿರಲಿಲ್ಲ.

“ಗುರ್ಕಾರರೇ, ನೀರು ಹಾಕಿದ್ದೀರಲ್ಲ?”

“ಇಲ್ಲ ಫಾದರ್.”

“ಯಾಕೆ? ನಾನೇ ನಿಮಗೆ ಕಲಿಸಿ ಕೊಟ್ಟದ್ದಲ್ವಾ?”

“ಕಲಿಸಿದ್ರಿ. ಆ ಹೊತ್ತಿಗೆ ಮರೆತುಹೋಯ್ತು.”

“ಮರೆತುಹೋಯ್ತು! ಗುರ್ಕಾರನಿಗೆ?”

“ಹೆಸರಿನ ಜಗಳದಲ್ಲಿ ತಲೆ ಕೆಟ್ಟಿತ್ತು ಫಾದರ್. ನನ್ನದೇ ತಪ್ಪು. ಅವಳು ಹೇಳಿದ್ದಳು, ನಾನೇ ಕೇಳಲಿಲ್ಲ.”

ಅಡುಗೆಮನೆಯ ಬಾಗಿಲಲ್ಲಿ ಮಾಯ್ ನಿಂತಿದ್ದಳು. ನಾನು ಬಾಯಿ ತೆರೆದೆ. ಪಪ್ಪ ನನ್ನ ಕಡೆ ತಿರುಗಿ ಎರಡೂ ಕಣ್ಣು ಮುಚ್ಚಿಕೊಂಡರು. ತಾರಸಿಯ ಕಥೆಯಲ್ಲಿ ಬಿಷಪ್ಪರ ಪಾರ್ಟು ಮಾಡುವಾಗ ಮುಚ್ಚುತ್ತಿದ್ದ ಹಾಗೆ. ನಾನು ಬಾಯಿ ಮುಚ್ಚಿದೆ.

ನೀರು ಮುಟ್ಟದ ಮಕ್ಕಳು ಲಿಂಬೋ ಎಂಬ ಕಡೆ ಇರುತ್ತವೆ, ಅಲ್ಲಿ ನೋವಿಲ್ಲ, ಆದರೆ ದೇವರ ಮುಖವೂ ಕಾಣುವುದಿಲ್ಲ, ಎಂದರು ಪಾದ್ರಿ. ಸತ್ತವರ ಪೂಜೆಯಲ್ಲಿ ಹೇಳಲು ಹೆಸರು ಬೇಕು, ಹೆಸರು ಬರುವುದು ಜ್ಞಾನಸ್ನಾನದಿಂದ. ಪಪ್ಪ ಮೆಲ್ಲಗೆ, ಐಸಾಕ್ ಅಂತ ಒಂದು ಸಲ ಹೇಳಿದ್ರೆ ಸಾಕಿತ್ತು ಫಾದರ್, ಈ ಊರಿನ ಬಿಷಪ್ಪರ ಹೆಸರು, ಎಂದು ಕೇಳಿಕೊಂಡರು. ಪಾದ್ರಿ ಕರುಣೆಯಿಂದಲೇ ತಲೆ ಅಲ್ಲಾಡಿಸಿದರು. ಆ ಬಿಷಪ್ ಬೇರೆ ಸಭೆಯವರು, ನಮ್ಮ ಸಂತರ ಪಟ್ಟಿಯಲ್ಲಿಲ್ಲ. ಅಂದು ಊಟ ಮುಗಿದ ಮೇಲೆ ಪಪ್ಪ ಕಪಾಟು ತೆಗೆದು, ಮೇಣದ ಬತ್ತಿಯ ಪೆಟ್ಟಿಗೆಯನ್ನೂ ಹತ್ತಿ ಸುತ್ತಿದ ಗಂಟೆಯನ್ನೂ ಮೇಜಿನ ಮೇಲಿಟ್ಟರು. ಇನ್ನು ಮೇಲೆ ಬೇರೆ ಯಾರಾದರೂ ನೋಡಿಕೊಳ್ಳಲಿ ಎಂದರು. ಯಾರೂ ಬೇಡ ಎನ್ನಲಿಲ್ಲ, ಅದು ನನಗೆ ಇಂದಿಗೂ ಚುಚ್ಚುತ್ತದೆ. ಮುಂದಿನ ಪೂಜೆಗಳು ಬೇರೆ ಮನೆಯಲ್ಲಿ ನಡೆದವು. ನಮ್ಮ ಮೇಜು ಬರೀ ಮೇಜಾಯಿತು.

ಆ ದಿನದಿಂದ ಮಾಯ್ ಐಸಾಕ್ ಎಂಬ ಹೆಸರನ್ನು ತುಟಿಗೆ ತರಲಿಲ್ಲ. ಅಂತೋನಿಯನ್ನೂ ಕರೆಯಲಿಲ್ಲ. ಪಪ್ಪ ಗದರಿಸಿದ್ದರೆ, ನಿನ್ನಿಂದ ಹೀಗಾಯ್ತು ಎಂದು ಒಂದು ಸಲ ಕಿರುಚಿದ್ದರೆ, ಅವಳು ಬದುಕಿಕೊಳ್ಳುತ್ತಿದ್ದಳೇನೋ. ಅವರು ಅವಳ ತಪ್ಪನ್ನು ತಮ್ಮ ಮೈಮೇಲೆ ಹೊದ್ದುಕೊಂಡು ಎಲ್ಲರೆದುರು ಕೂತುಬಿಟ್ಟರು. ಆ ಉಪಕಾರದ ಕೆಳಗೆ ನನ್ನ ಮಾಯ್ ಉಸಿರು ಕಟ್ಟಿದವಳ ಹಾಗೆ ಬಾಳಿದಳು.

ಸೆಪ್ಟೆಂಬರಿನಲ್ಲಿ ನಮ್ಮ ಜನಕ್ಕೆ ಮೊಂತಿ ಫೆಸ್ತ್, ಮಾತೆ ಮರಿಯಮ್ಮನ ಹುಟ್ಟುಹಬ್ಬ. ಇಗರ್ಜಿಯಲ್ಲಿ ಮಂತ್ರಿಸಿದ ಹೊಸ ಭತ್ತದ ತೆನೆ ಮನೆಗೆ ತಂದು, ಕಾಳು ಸುಲಿದು, ತೆಂಗಿನ ಹಾಲಿನಲ್ಲಿ ಹಾಕಿ, ಮನೆಯ ಹಿರಿಯರು ಪ್ರತಿಯೊಬ್ಬರಿಗೂ ಪಾಲು ಕೊಡುತ್ತಾರೆ. ಆಮೇಲೆ ಮೀನು ಮಾಂಸ ಇಲ್ಲದ ಊಟ. ಇದಕ್ಕೆ ಹೊಸತು ತಿನ್ನುವುದು ಎನ್ನುತ್ತೇವೆ. ಮನೆಯವರಲ್ಲಿ ಯಾರು ಎಷ್ಟು ದೂರ ಇದ್ದರೂ ಅವರ ಪಾಲಿನ ಕಾಳನ್ನು ಕಾಗದದಲ್ಲಿ ಮಡಚಿ ಪೋಸ್ಟಿಗೆ ಹಾಕಬೇಕು. ಪಾಲು ಇಟ್ಟರೆ ಅವರು ಮನೆಯವರು, ಇಡದಿದ್ದರೆ ಅಲ್ಲ. ನಮ್ಮ ತೆನೆ ಬರುತ್ತಿದ್ದುದು ಮಂಗಳೂರಿನಿಂದ, ಮುಂಬಯಿ ಹಡಗಿನಲ್ಲಿ, ಹಂಝ ಕಾಕನ ಅಕ್ಕಿ ಮೂಟೆಗಳ ಜೊತೆ. ಹಾಗಾಗಿ ನಮ್ಮ ಮನೆಯ ಫೆಸ್ತ್ ಕ್ಯಾಲೆಂಡರಿಗಲ್ಲ, ಹಡಗಿಗೆ ಕಾಯುತ್ತಿತ್ತು. ಆ ವರ್ಷ ತೆನೆ ಬಂದಾಗ ಪಪ್ಪ ಮೂರು ಬಟ್ಟಲಿನ ಪಕ್ಕ ಇನ್ನೊಂದನ್ನು ಇಟ್ಟರು, ಆ ನೀಲಿ ಅಂಚಿನದ್ದನ್ನೇ.

“ಇದು ಯಾರಿಗೆ?” ಮಾಯ್ ಕೇಳಿದಳು.

“ಐಸಾಕನಿಗೆ.”

“ಹೆಸರಿಲ್ಲದವರಿಗೆ ಪಾಲಿಲ್ಲ.”

“ನಾವು ಕೊಟ್ಟರೆ ಹೆಸರುಂಟು ಸೆವ್ರಿನ್. ಒಂದ್ಸಲ ನೀನು ಕರೆ. ನಾನು ಸಾವಿರ ಸಲ ಕರೆದದ್ದು ಬೇರೆ, ಹೆತ್ತವಳು ಒಂದ್ಸಲ ಕರೆಯುದು ಬೇರೆ.”

ಮಾಯ್ ಆ ಬಟ್ಟಲನ್ನು ಎತ್ತಿಕೊಂಡು ಗಿಡ್ಡ ಬಾಗಿಲು ದಾಟಿದಳು. ಐಸಮ್ಮನ ಆಡಿನ ಮುಂದೆ ಇಟ್ಟಳು. ಆಡು ನೆಕ್ಕಿ ನೆಕ್ಕಿ ತಿಂದಿತು. ಐಸಮ್ಮ ಬಟ್ಟಲು ತೊಳೆದು ತಂದುಕೊಟ್ಟಳು. ಕೊಡುವಾಗ, “ಖಲಾಸ್ ಬಾಯಮ್ಮ, ಅಳಿ ಒಂದ್ಸಲ, ಅತ್ತರೆ ಯಾರೂ ಬೈಯುದಿಲ್ಲ,” ಎಂದಳು. ಮಾಯ್ ಅಳಲಿಲ್ಲ. ಬಸಳೆ ಸಾರು ಬಡಿಸಿದಳು.

ಮರುವರ್ಷ ನನ್ನನ್ನು ಮಂಗಳೂರಿನ ಬೋರ್ಡಿಂಗಿಗೆ ಹಾಕಿದರು. ಮೊದಲ ವರ್ಷ, ಫೆಸ್ತ್ ಕಳೆದು ಎಷ್ಟೋ ವಾರಗಳ ಮೇಲೆ ದೋಹಾದಿಂದ ಕವರು ಬಂತು. ಸಿಸ್ಟರ್ ಎಲ್ಲರ ಕಾಗದವನ್ನೂ ಒಡೆದು ನೋಡಿಯೇ ಕೊಡುತ್ತಿದ್ದರು. ಮಂಗಳೂರಿನಿಂದ ಹಡಗು ಹತ್ತಿ ಹೋದ ಭತ್ತ ಪೋಸ್ಟಿನಲ್ಲಿ ಮಂಗಳೂರಿಗೇ ವಾಪಸ್ಸು! ಒಳಗೆ ಕಾಗದದ ಎರಡು ಪೊಟ್ಟಣ, ಪಪ್ಪನ ಅಕ್ಷರದಲ್ಲಿ ಒಂದೇ ಸಾಲು: ‘ಒಂದು ನಿನ್ನದು, ಇನ್ನೊಂದು ಐಸಾಕನದು. ನೀನೇ ತಿನ್ನು, ಅವನು ಚಿಕ್ಕವ, ಬೇಜಾರು ಮಾಡುವುದಿಲ್ಲ.’

“ಹೂ ಈಸ್ ದಿಸ್ ಐಸಾಕ್?” ಸಿಸ್ಟರ್ ಕೇಳಿದರು.

“ಮೈ ಬ್ರದರ್, ಸಿಸ್ಟರ್.”

“ನಿನ್ನ ಫಾರ್ಮಿನಲ್ಲಿ ಓನ್ಲಿ ಚೈಲ್ಡ್ ಅಂತ ಉಂಟಲ್ಲ?”

“ಹಿ ಈಸ್ ಇನ್ ಕತಾರ್, ಸಿಸ್ಟರ್.”

ಅದು ಸುಳ್ಳಾಗಿರಲಿಲ್ಲ. ಬೋರ್ಡಿಂಗಿನ ಅಷ್ಟೂ ವರ್ಷ ಎರಡು ಪೊಟ್ಟಣ ಬಂದವು. ನನ್ನದನ್ನು ಬೇಗ ನುಂಗಿಬಿಡುತ್ತಿದ್ದೆ. ತಮ್ಮನದನ್ನು ಒಂದೊಂದೇ ಕಾಳಾಗಿ, ಚಾಪೆಲ್‌ನ ಕೊನೆಯ ಬೆಂಚಿನಲ್ಲಿ ಕೂತು, ನಾಲಿಗೆಯ ಮೇಲೆ ಮೆತ್ತಗಾಗುವವರೆಗೆ ಇಟ್ಟುಕೊಳ್ಳುತ್ತಿದ್ದೆ. ನನಗೆ ದೇವರ ಮೇಲೆ ಏನಾದರೂ ಭಕ್ತಿ ಉಂಟಾಗಿದ್ದರೆ ಅದು ಆ ಬೆಂಚಿನಲ್ಲಿ. ಪ್ರೇಯರ್‌ಬುಕ್ಕಿನಿಂದ ಅಲ್ಲ.

ಆಮೇಲಿನದನ್ನು ಉದ್ದ ಮಾಡುವುದಿಲ್ಲ. ನಾನು ಟೀಚರ್ ಆಗಿ ದೋಹಾಕ್ಕೆ ಮರಳಿದೆ. ಊರು ಬೆಳೆದು ಕಡಲ ಕಲ್ಲಿನ ಗುರುತು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಹುಡುಕಿ ಹುಡುಕಿ ಬಿಟ್ಟೆ. ಪಪ್ಪ ರಿಟೈರ್ ಆಗಿ ಇಬ್ಬರೂ ಮಂಗಳೂರಿಗೆ ಹೋದರು. ಕಣ್ಣಿಗೆ ಪೊರೆ ಬಂದಾಗ ಪಪ್ಪ ಫೋನಿನಲ್ಲಿ, “ಬಾಯೆ, ಅಂತೂ ನಾನೂ ಬಿಷಪ್ ಆಗ್ತಾ ಇದ್ದೇನೆ,” ಎಂದು ನಕ್ಕಿದ್ದರು. ಆಸ್ಪತ್ರೆಯ ಕೊನೆಯ ದಿನಗಳಲ್ಲಿ ನಾನು ಹತ್ತಿರವಿದ್ದೆ. ಒಂದು ಮಧ್ಯಾಹ್ನ ಅವರು ಮಾಯ್‌ಯ ಕೈ ಹಿಡಿದುಕೊಂಡು, “ಸೆವ್ರಿನ್, ಒಂದ್ಸಲ ಕರೆ ನೋಡುವ,” ಎಂದರು. ಯಾರನ್ನು ಎಂದು ಹೇಳಬೇಕಾಗಿರಲಿಲ್ಲ. ಮಾಯ್ ಹಾಸಿಗೆಯ ಬಟ್ಟೆ ಸರಿ ಮಾಡಿ, “ಸುಮ್ಮನೆ ಮಲಗಿ ನೀವು,” ಎಂದಳು. ಅವರು ಸುಮ್ಮನೆ ಮಲಗಿದರು. ಮತ್ತೆ ಕೇಳಲಿಲ್ಲ.

ಅವರು ಹೋದ ಮೇಲೆ ಮಾಯ್‌ಯನ್ನು ನಾನು ಇಲ್ಲಿಗೆ ಕರೆತಂದೆ. ನಾನು ಮದುವೆಯಾದವಳಲ್ಲ, ಮನೆಯಲ್ಲಿ ನಾವಿಬ್ಬರೇ. ನಿಧಾನಕ್ಕೆ ಅವಳ ನೆನಪು ಆ ನೆಲದ ನೀರಿನ ಹಾಗೆ ಅಂಚಿನಿಂದ ಆರತೊಡಗಿತು. ಮೊದಲು ಹೋದದ್ದು ಫ್ಲ್ಯಾಟಿನ ದಾರಿ, ಆಮೇಲೆ ವಾರದ ದಿನಗಳು, ಆಮೇಲೆ ಜನ. ಲಿಂಬೋ ಎಂಬುದನ್ನು ಇಗರ್ಜಿಯವರು ಯಾವಾಗಲೋ ಮೆಲ್ಲಗೆ ಬದಿಗಿಟ್ಟಿದ್ದರು, ಅಂಥ ಮಕ್ಕಳ ಬಗ್ಗೆ ಭರವಸೆ ಇಡಬಹುದು ಎಂದಿದ್ದರು. ಈಚೆಗೆ ಒಂದು ದಿನ ವಾಟ್ಸ್ಯಾಪಿನಲ್ಲಿ ಸುದ್ದಿ ಬಂತು, ಕತಾರದಲ್ಲಿ ಹುಟ್ಟಿದ ಆ ಕುರುಡು ಬಿಷಪ್ಪರನ್ನು ರೋಮಿನವರು ನಮ್ಮ ಸಂತರ ಪಟ್ಟಿಗೂ ಸೇರಿಸಿದ್ದಾರೆ. ನಾನು ಫೋನ್ ಹಿಡಿದುಕೊಂಡು ಅವಳ ಕೋಣೆಗೆ ಓಡಿದೆ, ಪಪ್ಪ ಒಂದು ದಿನ ಬಸ್ಸಿಳಿದು ಓಡಿದ ಹಾಗೆ.

“ಮಾಯ್, ಪಪ್ಪನ ಬಿಷಪ್ಪರು ಈಗ ನಮ್ಮ ಲಿಸ್ಟಿನಲ್ಲಿದ್ದಾರೆ!”

“ಯಾರ ಪಪ್ಪ?” ಎಂದಳು ಮಾಯ್.

ಕಳೆದ ಮೊಂತಿ ಫೆಸ್ತಿಗೆ ಇಗರ್ಜಿಯಿಂದ ತೆನೆ ತಂದೆ. ಈಗ ಇಲ್ಲಿ ಇಗರ್ಜಿಗೆ ದೊಡ್ಡ ಕಾಂಪೌಂಡೇ ಇದೆ, ಗಂಟೆಗೆ ಹತ್ತಿ ಸುತ್ತಬೇಕಾಗಿಲ್ಲ. ತೆನೆ ವಿಮಾನದಲ್ಲಿ ಬರುತ್ತದೆ, ಫೆಸ್ತ್ ಕ್ಯಾಲೆಂಡರಿನ ದಿನವೇ ನಡೆಯುತ್ತದೆ. ಊಟಕ್ಕೆ ಮೊದಲು ಮಾಯ್‌ಯನ್ನು ಮೇಜಿನ ಬಳಿ ಕೂರಿಸಿ ತೆನೆಯನ್ನು ಕೈಗೆ ಕೊಟ್ಟೆ. ಅವಳ ತಲೆ ಮರೆತದ್ದನ್ನು ಉಗುರು ಮರೆತಿರಲಿಲ್ಲ. ಚಕಚಕ ಕಾಳು ಸುಲಿದಳು. ಸಾಸರುಗಳನ್ನು ಸಾಲಾಗಿ ಇಡಲು ಹೇಳಿದಳು, ತೆಂಗಿನ ಹಾಲು ಹಾಕಿಸಿದಳು. ಹಿರಿಯಳ ಗತ್ತಿನಲ್ಲಿ ಪಾಲು ಹಾಕತೊಡಗಿದಳು.

“ಇದು ಅವರಿಗೆ.” ಗಂಡನ ಹೆಸರು ಅವಳು ಎಂದೂ ಹೇಳಿದವಳಲ್ಲ.

“ಇದು ಐಸಮ್ಮನಿಗೆ. ಅವಳ ಆಡಿಗೂ ಸ್ವಲ್ಪ ಇರಲಿ, ಆಸೆ ಅದಕ್ಕೆ.”

ಮೂರನೆಯ ಸಾಸರನ್ನು ಹತ್ತಿರ ಎಳೆದುಕೊಂಡು, ಉಳಿದವಕ್ಕಿಂತ ಒಂದು ಚಿಟಿಕೆ ಹೆಚ್ಚು ಕಾಳು ಹಾಕಿದಳು.

“ಇದು ಐಸಾಕನಿಗೆ.”

ನಾನು ಮೇಜಿನ ಅಂಚು ಹಿಡಿದುಕೊಂಡೆ. ಪಪ್ಪ ಸಾಯುವವರೆಗೂ ಕಾದ ಮಾತು, ಅರವತ್ತು ವರ್ಷದ ಮೇಲೆ, ಉಪ್ಪು ಕೊಡು ಎಂದ ಹಾಗೆ ಬಂದುಬಿಟ್ಟಿತ್ತು.

“ಯಾರಿಗೆ ಮಾಯ್?”

“ಐಸಾಕನಿಗೆ. ನನ್ನ ಮಗ. ಇಲ್ಲೇ ಹುಟ್ಟಿದ್ದು, ಈ ಊರಲ್ಲೇ.”

“ಮತ್ತೆ ಲಿಲ್ಲಿಗೆ?”

“ಯಾವ ಲಿಲ್ಲಿ?”

“ನಿನ್ನ ಮಗಳು.”

ಅವಳು ನೆನಪು ಮಾಡಿಕೊಳ್ಳಲು ಪ್ರಾಮಾಣಿಕವಾಗಿ ಪ್ರಯತ್ನಿಸಿದಳು, ಹುಬ್ಬು ಗಂಟಿಕ್ಕಿ ಕಿಟಕಿಯ ಕಡೆ ನೋಡಿದಳು. ಆಮೇಲೆ ತಲೆ ಅಲ್ಲಾಡಿಸಿದಳು.

“ಮಗಳಿಲ್ಲ ಬಾಯಮ್ಮ ನಮಗೆ. ಒಬ್ಬನೇ.”

ನಾಲ್ಕನೆಯ ಸಾಸರು ಖಾಲಿ ಇತ್ತು. ಅದನ್ನು ಅವಳು ಬೋರಲು ಹಾಕಿದಳು, ಧೂಳು ಬೀಳದ ಹಾಗೆ. ನನ್ನ ಮುಖದಲ್ಲಿ ಅವಳಿಗೆ ಏನು ಕಂಡಿತೋ, ಮನೆಗೆ ಬಂದ ಅತಿಥಿಗೆ ಕೊರತೆಯಾದಾಗ ಮರುಗುವ ಆ ಹಳೆಯ ಸ್ವರ ಬಂತು.

“ನಿಮ್ಮ ಮನೆಯಲ್ಲಿ ಇವತ್ತು ಹೊಸತು ಮಾಡ್ಲಿಲ್ವಾ?”

“ಇಲ್ಲ.”

“ಅಯ್ಯೋ. ಫೆಸ್ತಿನ ದಿನ ಪಾಲಿಲ್ಲದೆ ಇರ್ಬಾರ್ದು.” ಐಸಾಕನ ಸಾಸರನ್ನು ನನ್ನ ಮುಂದಕ್ಕೆ ತಳ್ಳಿದಳು. “ಇದನ್ನು ನೀವೇ ತಿನ್ನಿ. ಅವನು ಚಿಕ್ಕವ, ಬೇಜಾರು ಮಾಡುದಿಲ್ಲ.”

ಆ ಮಾತನ್ನು ಪಪ್ಪನ ಕಾಗದದಲ್ಲಿ ಬಿಟ್ಟರೆ ನಾನು ಬೇರೆಲ್ಲೂ ಓದಿರಲಿಲ್ಲ. ಅಂದರೆ ಅವಳಿಗೆ ಗೊತ್ತಿತ್ತು. ಪಪ್ಪ ಪೊಟ್ಟಣ ಕಟ್ಟುವಾಗ ಅವಳು ಪಕ್ಕದಲ್ಲಿದ್ದಳು, ಯಾರು ಬಲ್ಲರು, ಎರಡನೆಯ ಪೊಟ್ಟಣದ ಕಾಳು ಸುಲಿದವಳೂ ಅವಳೇ ಇರಬಹುದು. ನಾನು ಚಮಚ ಮುಟ್ಟದೆ ಸಾಸರನ್ನೇ ನೋಡುತ್ತಿದ್ದೆ. ಅದನ್ನು ನೋಡಿ ಮಾಯ್ ತಾನೇ ಚಮಚ ಹಿಡಿದಳು. ಒಂದು ಹನಿಯೂ ಚೆಲ್ಲದ ಹಾಗೆ ನನಗೆ ತಿನ್ನಿಸಿದಳು. ಹಸಿ ಅಕ್ಕಿ, ತೆಂಗಿನ ಹಾಲು, ಅದೇ ರುಚಿ. ತಿಂದಾದ ಮೇಲೆ ಸೆರಗಿನ ತುದಿಯಿಂದ ನನ್ನ ತುಟಿ ಒರೆಸಿ, ಮುಖವನ್ನು ಹತ್ತಿರದಿಂದ ನೋಡಿ, ಬಹಳ ಪ್ರೀತಿಯಿಂದ ಕೇಳಿದಳು:

“ನಿಮ್ಮ ಹೆಸರೆಂತ ಬಾಯಮ್ಮ?”